ಪಕ್ಕದ ಮಷಿನ್‌ಗೆ ಹೊಸಬರು ಬಂದಾಗ: ಹಿರಿಯ ಕೆಲಸಗಾರರಿಗೆ ಒಂದು ಮಾರ್ಗದರ್ಶಿ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಹೊಲಿಗೆ ಮಷಿನ್ ಮುಂದೆ ಕೂತು ಆಗಲೇ ಸುಮಾರು ವರ್ಷಗಳಾಗಿದ್ದವು. ಕೈ ಪಳಗಿತ್ತು. ಸೂಜಿಯ ಕೆಳಗೆ ಬೆರಳು ಹೋಗದಂತೆ ತಡೆಯಲು ಮಷಿನ್‌ಗೆ ಒಂದು ಚಿಕ್ಕ ತಂತಿಯ ಗಾರ್ಡ್ ಇರುತ್ತದೆ. ದಾರ ಪೋಣಿಸುವಾಗ ಅಡ್ಡ ಬರುತ್ತದೆ ಅಂತ ನಾನು ಅದನ್ನು ಬಿಚ್ಚಿ ಡಬ್ಬಿಯಲ್ಲಿ ಹಾಕಿದ್ದೆ. ನನಗೆ ಯಾವತ್ತೂ ಏನೂ ಆಗಿರಲಿಲ್ಲ.

ಆ ವರ್ಷ ನಮ್ಮ ಸಾಲಿಗೆ ನಾಲ್ಕು ಜನ ಹೊಸ ಹುಡುಗಿಯರು ಬಂದರು. ಕೆಲಸ ತೋರಿಸುವ ಜವಾಬ್ದಾರಿ ನನ್ನದಾಯಿತು. ಗಾರ್ಡ್ ಬಿಚ್ಚಬೇಡಿ ಅಂತ ಮೊದಲ ದಿನವೇ ಹೇಳಿದ್ದೆ. ಎರಡು ವಾರ ಕಳೆಯುವುದರೊಳಗೆ ನಾಲ್ಕೂ ಮಷಿನ್‌ಗಳ ಗಾರ್ಡ್ ಡಬ್ಬಿ ಸೇರಿದ್ದವು. ಒಬ್ಬಳ ತೋರುಬೆರಳಿಗೆ ಸೂಜಿ ಉಗುರು ಸೀಳಿ ಇಳಿಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ "ಯಾಕವ್ವಾ ಬಿಚ್ಚಿದಿ?" ಅಂತ ಕೇಳಿದೆ. ಅಳುತ್ತಲೇ ಹೇಳಿದಳು: "ನೀವೂ ಬಿಚ್ಚೀರಲ್ಲ ಅಕ್ಕಾ. ಹಂಗ ಮಾಡಿದ್ರ ಬೇಗ ಆಗತೈತಿ ಅನ್ಕೊಂಡೆ."

ಅವತ್ತಿನಿಂದ ಈ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಹೊಸಬರಿಗೆ ನಾವು ಹೇಳಿಕೊಡುವ ಪಾಠ ಒಂದು. ನಮ್ಮನ್ನು ನೋಡಿ ಅವರು ಕಲಿಯುವ ಪಾಠ ಇನ್ನೊಂದು. ಎರಡನೆಯದೇ ಉಳಿಯುತ್ತದೆ. ಆ ಎರಡನ್ನೂ ಹೇಗೆ ಹತ್ತಿರ ತರುವುದು ಅಂತ ನಾನು ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನನ್ನ ಉದಾಹರಣೆಗಳೆಲ್ಲ ಜೀನ್ಸ್ ಕೆಲಸದವು. ನೀವು ರೈಸ್ ಮಿಲ್‌ನಲ್ಲಿರಬಹುದು, ಬ್ಯಾಂಕಿನಲ್ಲಿರಬಹುದು, ನಿಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳಿ.

ಹೆಜ್ಜೆ 1: ಹೊಸಬರು ಬರುವ ಮೊದಲು ನಿಮ್ಮ ಕೈಯನ್ನು ನೀವೇ ನೋಡಿ

ಎರಡು ದಿನ ಸಾಕು. ಒಂದು ಚೀಟಿ ಇಟ್ಟುಕೊಳ್ಳಿ. ಕೆಲಸ ಮಾಡುವಾಗ ನೀವು ಹಿಡಿಯುವ ಅಡ್ಡದಾರಿಗಳನ್ನೆಲ್ಲ ಬರೆಯಿರಿ. ನಾಚಿಕೊಳ್ಳಬೇಡಿ, ಈ ಚೀಟಿ ಯಾರಿಗೂ ತೋರಿಸಲಿಕ್ಕಲ್ಲ. ನನ್ನ ಚೀಟಿಯಲ್ಲಿ ಏಳು ಬಂದವು. ಗಾರ್ಡ್ ಬಿಚ್ಚಿಟ್ಟದ್ದು. ಮೋಟಾರ್ ಆಫ್ ಮಾಡದೆ ಸೂಜಿಗೆ ದಾರ ಹಾಕುವುದು. ವೇಲ್ ಹಿಂದಕ್ಕೆ ಕಟ್ಟದೆ ಕೂರುವುದು. ಮುರಿದ ಸೂಜಿಯ ಚೂರನ್ನು ಕಾಲಿನಿಂದ ಪಕ್ಕಕ್ಕೆ ಸರಿಸುವುದು. ಬಂಡಲ್‌ನ, ಅಂದರೆ ಕತ್ತರಿಸಿದ ತುಂಡುಗಳ ಕಟ್ಟಿನ, ನಂಬರ್ ಚೀಟಿ ಕಿತ್ತು ಬಿಸಾಡುವುದು. ಚೆಕ್ಕಿಂಗ್‌ನವರು ನೋಡುತ್ತಾರೆ ಬಿಡು ಅಂತ ಸಣ್ಣ ತಪ್ಪನ್ನು ಮುಂದೆ ತಳ್ಳುವುದು. ಸಂಜೆ ಮಷಿನ್ ಒರೆಸದೆ ಎದ್ದು ಹೋಗುವುದು.

ಈಗ ಒಂದೊಂದಾಗಿ ಕೇಳಿಕೊಳ್ಳಿ: ನಾಳೆ ಹೊಸ ಹುಡುಗಿ ಇದನ್ನೇ ಮಾಡಿದರೆ ನನಗೆ ಒಪ್ಪಿಗೆಯಾ? ಇಲ್ಲ ಅಂದರೆ ಅದನ್ನು ನೀವೇ ಮೊದಲು ಬಿಡಬೇಕು. ಅವಳು ಬಂದ ದಿನ ಬಿಡುತ್ತೇನೆ ಅಂದರೆ ಆಗುವುದಿಲ್ಲ. ಕೈಗೆ ಹತ್ತಿದ ಚಾಳಿ ಒಂದೇ ದಿನಕ್ಕೆ ಹೋಗಲ್ಲ. ಕನಿಷ್ಠ ಒಂದು ವಾರ ಮುಂಚೆ ಶುರು ಮಾಡಿ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅಂತ ಹಿರಿಯರು ಅನ್ನುತ್ತಿದ್ದರಲ್ಲ, ಅದನ್ನು ಹೊಸಬರು ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಮೂರೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಹೆಜ್ಜೆ 2: ಮೊದಲ ದಿನ ಕೆಲಸಕ್ಕಿಂತ ಮೊದಲು ಜಾಗ ತೋರಿಸಿ

ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ, ಬುತ್ತಿ ಎಲ್ಲಿ ಇಡಬೇಕು, ಕರೆಂಟ್ ಹೋದರೆ ಏನು ಮಾಡಬೇಕು, ಮಷಿನ್ ಕೆಟ್ಟರೆ ಯಾರನ್ನು ಕರೆಯಬೇಕು. ಇಷ್ಟನ್ನು ಜೊತೆಗೆ ನಡೆದು ತೋರಿಸಿ. ಮೊದಲ ದಿನ ಊಟಕ್ಕೆ ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಮೋಕಾದಿಂದಲೋ ಕುರುಗೋಡಿನಿಂದಲೋ ಬಸ್ಸು ಹತ್ತಿ ಬಂದ ಹುಡುಗಿ ಒಬ್ಬಳೇ ಮೂಲೆಯಲ್ಲಿ ಗೋಡೆ ನೋಡುತ್ತಾ ರೊಟ್ಟಿ ತಿಂದರೆ, ಎರಡನೇ ದಿನ ಬರುವ ಮನಸ್ಸೇ ಆಗುವುದಿಲ್ಲ.

ನಮ್ಮ ಊರಿನಲ್ಲಿ ಭಾಷೆಯ ವಿಷಯವೂ ಇದೆ. ಒಬ್ಬಳ ಮನೆಮಾತು ತೆಲುಗು, ಇನ್ನೊಬ್ಬಳದು ಉರ್ದು, ತಾಂಡಾದಿಂದ ಬಂದವಳದು ಲಂಬಾಣಿ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ಗಾಬರಿಯಲ್ಲಿದ್ದಾಗ ಮನೆಮಾತೇ ಬಾಯಿಗೆ ಬರುವುದು. ಅವಳ ಭಾಷೆಯ ನಾಲ್ಕು ಮಾತು ನೀವು ಕಲಿತಿರಿ: ನಿಲ್ಲು, ನಿಧಾನ, ಸರಿ ಇದೆ, ತೋರಿಸು. ಅಷ್ಟಕ್ಕೇ ಮುಖ ಅರಳುತ್ತದೆ.

ಹೆಸರು ಕೇಳಿ, ಹೆಸರು ಹಿಡಿದೇ ಕರೆಯಿರಿ. "ಏ ಹೊಸಾಕಿ" ಅಂತ ಒಮ್ಮೆ ಕರೆದರೆ ಇಡೀ ಸಾಲು ಅದನ್ನೇ ಹಿಡಿದುಕೊಳ್ಳುತ್ತದೆ. ಆರು ತಿಂಗಳಾದರೂ ಅವಳು ಹೊಸಾಕಿಯಾಗಿಯೇ ಉಳಿಯುತ್ತಾಳೆ.

ಹೆಜ್ಜೆ 3: ನಿಧಾನ ಮಾಡಿ ತೋರಿಸಿ, ಕಾರಣವನ್ನೂ ಹೇಳಿ

ಹೊಸಬರ ಮುಂದೆ ನಮ್ಮ ವೇಗ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಒಂದು ಸಲ ತೋರಿಸಿ, ತಪ್ಪಿಲ್ಲ. ಕೆಲಸ ಎಲ್ಲಿಗೆ ಮುಟ್ಟಬೇಕು ಅಂತ ಗೊತ್ತಾಗುತ್ತದೆ. ಆಮೇಲೆ ಎರಡು ಸಲ ನಿಧಾನವಾಗಿ, ಕೈ ಎಲ್ಲಿ ಹಿಡಿಯಬೇಕು, ಕಾಲು ಎಷ್ಟು ಒತ್ತಬೇಕು ಅಂತ ಬಾಯಲ್ಲಿ ಹೇಳುತ್ತಾ ಮಾಡಿ. ನಂತರ ಅವಳು ಮಾಡಲಿ, ಅವಳೇ ಬಾಯಲ್ಲಿ ಹೇಳಲಿ.

ಮನೆಯ ಕಾಲು ಮಷಿನ್ ಮೇಲೆ ಹೊಲಿದು ಬಂದವರಿಗೂ ಕಾರ್ಖಾನೆಯ ಮೋಟಾರ್ ಮಷಿನ್ ಹೆದರಿಸುತ್ತದೆ. ಕಾಲಿಟ್ಟರೆ ಸಾಕು, ಓಡಿಬಿಡುತ್ತದೆ. ಅದಕ್ಕೆ ನಾನು ಮೊದಲು ದಾರವಿಲ್ಲದೆ ಕಾಗದದ ಮೇಲೆ ಓಡಿಸಲು ಕೊಡುತ್ತೇನೆ. ನೇರ ಗೆರೆ, ಆಮೇಲೆ ಬಾಗಿದ ಗೆರೆ, ಆಮೇಲೆ ಮೂಲೆ. ಸೂಜಿಯ ತೂತು ಗೆರೆಯ ಮೇಲೆಯೇ ಬೀಳತೊಡಗಿದ ಮೇಲೆ ಕಟಿಂಗ್‌ನಲ್ಲಿ ಉಳಿದ ಚಿಂದಿ. ಅದಾದ ಮೇಲೆ ನಿಜವಾದ ಪೀಸ್, ಅದೂ ಜೇಬಿನ ಒಳಬಟ್ಟೆಯಂಥ ಸುಲಭದ್ದು. ಇದಕ್ಕೆ ಹೋಗುವ ಸಮಯ ಸುಮ್ನೆ ಹೋಗುವುದಲ್ಲ. ಬೇಕಾದರೆ ಸೂಪರ್‌ವೈಸರ್ ಹತ್ತಿರ ನೀವೇ ಮಾತಾಡಿ ಆ ಸಮಯ ಕೇಳಿ ಪಡೆಯಿರಿ. ಅವಳು ಕೇಳಲಾರಳು.

ಕಾರಣ ಹೇಳುವುದಂತೂ ಬಹಳ ಮುಖ್ಯ. ಬಂಡಲ್ ನಂಬರ್‌ನ ವಿಷಯವನ್ನೇ ತೆಗೆದುಕೊಳ್ಳಿ. ಕಟಿಂಗ್ ಟೇಬಲ್ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುತ್ತಾರೆ. ಪ್ರತಿ ಪದರಕ್ಕೂ ಒಂದು ನಂಬರ್ ಬೀಳುತ್ತದೆ. 14ನೇ ಪದರದ ಮುಂಭಾಗಕ್ಕೆ 14ನೇ ಪದರದ ಹಿಂಭಾಗವೇ ಸೇರಬೇಕು. ಹೊಸಬರಿಗೆ ಇದು ಸುಮ್ಮನೆ ಕಾಟ ಅನ್ನಿಸುತ್ತದೆ, ಎಲ್ಲವೂ ಒಂದೇ ನೀಲಿ ತಾನೇ ಅಂತ. ನೋಡಲು ಒಂದೇ, ನಿಜ. ಆದರೆ ಒಂದು ಥಾನಿಗೂ ಇನ್ನೊಂದು ಥಾನಿಗೂ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಡೆನಿಮ್‌ನಲ್ಲಿ ಉದ್ದದ ನೂಲಿಗೆ ಮಾತ್ರ ನೀಲಿ, ಅಡ್ಡ ನೂಲು ಬಿಳಿ. ಆ ನೀಲಿಯೂ ನೂಲಿನ ಹೊರಮೈಗಷ್ಟೇ ಅಂಟಿರುತ್ತದೆ, ಒಳಗೆ ಬಿಳಿಯೇ. ವಾಷಿಂಗ್‌ಗೆ ಹೋದಾಗ ಮೇಲಿನ ಬಣ್ಣ ಸವೆಯುತ್ತದೆ, ಆಗ ವ್ಯತ್ಯಾಸ ಹೊರಗೆ ಬರುತ್ತದೆ. ಒಂದು ಕಾಲು ಗಾಢ, ಒಂದು ಕಾಲು ತಿಳಿ. ಹೊಲಿಗೆ ಎಷ್ಟೇ ಚಂದ ಇರಲಿ, ಆ ಪ್ಯಾಂಟ್ ಸೆಕೆಂಡ್ಸ್‌ಗೆ, ಅಂದರೆ ದೋಷದ ಮಾಲಿಗೆ ಹೋಯಿತು.

ನಾನು ಹೀಗೆ ಹೊಲಿದು ಹಾಳಾದ ಒಂದು ಪ್ಯಾಂಟನ್ನು ಎತ್ತಿಟ್ಟುಕೊಂಡಿದ್ದೇನೆ. ಹೊಸಬರ ಕೈಗೆ ಅದನ್ನೇ ಕೊಡುತ್ತೇನೆ. ಬಿಸಿಲಿಗೆ ಹಿಡಿದು ನೋಡುತ್ತಾರೆ. ಆಮೇಲೆ ನಂಬರ್ ಚೀಟಿಯ ಬಗ್ಗೆ ಎರಡನೇ ಸಲ ಹೇಳಬೇಕಾಗಿ ಬಂದಿಲ್ಲ. ನಿಮ್ಮ ಕೆಲಸದಲ್ಲೂ ಇಂಥ ಒಂದು ಹಾಳಾದ ವಸ್ತು ಇದ್ದೇ ಇರುತ್ತದೆ. ಎಸೆಯಬೇಡಿ, ಇಟ್ಟುಕೊಳ್ಳಿ.

ಹೆಜ್ಜೆ 4: ನಿಮ್ಮ ತಪ್ಪನ್ನು ಅವರ ಮುಂದೆಯೇ ಒಪ್ಪಿಕೊಳ್ಳಿ

ಬೇರೆ ಏನನ್ನು ಬಿಟ್ಟರೂ ಈ ಹೆಜ್ಜೆ ಬಿಡಬೇಡಿ. ಹೊಸಬರು ಕೆಲಸ ಕೆಡಿಸುವುದು ಕೆಲಸ ಬಾರದೆ ಅಲ್ಲ, ಹೆಚ್ಚಿನ ಸಲ ಹೆದರಿ ಮುಚ್ಚಿಟ್ಟು. ಒಂದು ಪೀಸ್ ತಪ್ಪಾಗಿರುತ್ತದೆ. ಬೈಗುಳಕ್ಕೆ ಹೆದರಿ ಬಂಡಲ್‌ನ ಮಧ್ಯೆ ತುರುಕುತ್ತಾರೆ. ಅದೇ ತಪ್ಪಿನಲ್ಲಿ ಇನ್ನೂ ಮೂವತ್ತು ಹೊಲಿಯುತ್ತಾರೆ.

ಒಮ್ಮೆ ಹಿಂದಿನ ಜೇಬು ಕೂರಿಸುವಾಗ ನಾನು ಅಳತೆಯ ಪಟ್ಟಿಯನ್ನು ತಿರುಗಿಸಿ ಇಟ್ಟುಬಿಟ್ಟಿದ್ದೆ. ಒಂದು ಬಂಡಲ್ ಪೂರ್ತಿ ಜೇಬು ವಾರೆಯಾಗಿ ಕೂತವು. ನೋಡಿದಾಗ ಎದೆ ಧಸಕ್ಕೆಂದಿತು. ಪಕ್ಕದಲ್ಲಿ ಇಬ್ಬರು ಹೊಸ ಹುಡುಗಿಯರು. ಹದಿನೈದು ವರ್ಷದ ಅನುಭವ, ಇವರ ಮುಂದೆ ಹೇಗೆ ಹೇಳುವುದು ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೂ ಎದ್ದು ಬಂಡಲ್ ಎತ್ತಿಕೊಂಡು ಸೂಪರ್‌ವೈಸರ್ ಹತ್ತಿರ ಹೋದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಸಾರ್, ಇದು ನನ್ನ ತಪ್ಪು. ಪಟ್ಟಿ ತಿರುವಿ ಇಟ್ಟಿದ್ದೆ. ಬಿಚ್ಚಿ ಮತ್ತೆ ಹಾಕುತ್ತೇನೆ, ಎರಡು ತಾಸು ಬೇಕು." ಪೀಸ್ ರೇಟ್ ಮೇಲೆ ದುಡಿಯುವವರಿಗೆ ಎರಡು ತಾಸು ಅಂದರೆ ಏನು ಅಂತ ಗೊತ್ತಲ್ಲ. ಅವತ್ತಿನ ಕೂಲಿ ಕಡಿಮೆ ಆಯಿತು.

ಮುಂದಿನ ವಾರ ಆ ಇಬ್ಬರಲ್ಲಿ ಒಬ್ಬಳು ಒಂದೇ ಒಂದು ಪ್ಯಾಂಟ್ ಹಿಡಿದು ನನ್ನ ಹತ್ತಿರ ಬಂದಳು. "ಅಕ್ಕಾ, ಇದು ನಂದು ತಪ್ಪಾಗೇತಿ ನೋಡ್ರಿ." ಒಂದೇ ಪೀಸ್‌ಗೆ ನಿಂತಿತ್ತು. ಮೂವತ್ತು ಆಗಿರಲಿಲ್ಲ.

ತಪ್ಪಾದಾಗ ಹೇಳಬೇಕಾದದ್ದು ಮೂರು ಮಾತು: ಏನು ತಪ್ಪಾಯಿತು, ಹೇಗೆ ಆಯಿತು, ಈಗ ಏನು ಮಾಡುತ್ತೇನೆ. ನೆಪ ಬೇಡ. ದೊಡ್ಡದಾಗಿ ಕ್ಷಮೆ ಕೇಳುವುದೂ ಬೇಡ, ಅದನ್ನು ನೋಡಿದರೆ ಹೊಸಬರಿಗೆ ತಪ್ಪು ಅಂದರೆ ಇನ್ನೂ ಭಯ.

ಸೂಜಿ ಮುರಿದಾಗಲೂ ಹೀಗೆಯೇ. ದಪ್ಪ ಜಾಯಿಂಟ್ ಬಂದಲ್ಲಿ 18 ನಂಬರ್ ಸೂಜಿಯೂ ಮುರಿಯುತ್ತದೆ. ತಕ್ಷಣ ಮಷಿನ್ ನಿಲ್ಲಿಸಿ. ಚೂರುಗಳನ್ನೆಲ್ಲ ಹುಡುಕಿ, ಅಯಸ್ಕಾಂತ ಇದ್ದರೆ ಸುಲಭ. ಚೂರು ಜೋಡಿಸಿ ನೋಡಿ, ಸೂಜಿ ಪೂರ್ತಿ ಆಗಬೇಕು. ರಿಜಿಸ್ಟರ್‌ನಲ್ಲಿ ಟೇಪ್ ಹಾಕಿ ಅಂಟಿಸಿ, ಆಮೇಲೆ ಹೊಸ ಸೂಜಿ. ತುದಿಯ ಚೂರು ಸಿಗಲಿಲ್ಲ ಅಂದರೆ ಆ ಪೀಸನ್ನು ಬೇರೆ ಇಡಿ. ಅದು ಹೊಲಿಗೆಯೊಳಗೆ ಉಳಿದರೆ ಮೊದಲು ಚುಚ್ಚುವುದು ದಾರ ಕತ್ತರಿಸುವ ಹೆಲ್ಪರ್‌ನ ಕೈಗೆ, ಆಮೇಲೆ ಪ್ಯಾಂಟ್ ಕೊಂಡವರ ಮೈಗೆ. ನೀವು ಮೊಣಕಾಲೂರಿ ಚೂರು ಹುಡುಕುವುದನ್ನು ಹೊಸಬರು ಒಂದು ಸಲ ನೋಡಿದರೆ ಸಾಕು.

ಹೆಜ್ಜೆ 5: ಅವರು ತಪ್ಪಿದಾಗ ಹತ್ತಿರ ಹೋಗಿ ಮಾತಾಡಿ

ಸಾಲಿನ ಈ ತುದಿಯಿಂದ ಆ ತುದಿಗೆ ಕೂಗಬೇಡಿ. ಮಷಿನ್ ಸದ್ದಿಗೆ ಕೂಗದೆ ಕೇಳಿಸಲ್ಲ ಅನ್ನುತ್ತಾರೆ. ಕೇಳಿಸದಿದ್ದರೆ ಎದ್ದು ಹೋಗಬೇಕು, ಅಷ್ಟೇ. ಅವಳ ಮೋಟಾರ್ ಆಫ್ ಮಾಡಿಸಿ. ಕಣ್ಣು ಅವಳ ಮುಖದ ಮೇಲಲ್ಲ, ಪೀಸ್ ಮೇಲಿರಲಿ. "ಎಲ್ಲಿಂದ ಸೊಟ್ಟ ಹೋಯ್ತು, ತೋರಿಸು" ಅಂತ ಕೇಳಿ. ಹೆಚ್ಚಿನ ಸಲ ಅವಳೇ ಬೆರಳಿಟ್ಟು ತೋರಿಸುತ್ತಾಳೆ.

ಆಮೇಲೆ ಪೀಸ್ ಕಸಿದುಕೊಂಡು ನೀವೇ ಸರಿ ಮಾಡಿ ಕೊಡಬೇಡಿ. ಇದು ನನ್ನ ಹಳೇ ದುರಭ್ಯಾಸ. ಬೇಗ ಮುಗಿಯುತ್ತದೆ ಅಂತ ಮಾಡುತ್ತಿದ್ದೆ. ಅವರು ಕಲಿತದ್ದು ಏನೂ ಇಲ್ಲ, ತಪ್ಪಾದರೆ ಅಕ್ಕ ಇದ್ದಾಳೆ ಅನ್ನುವುದು ಬಿಟ್ಟರೆ.

ಒಬ್ಬರ ತಪ್ಪನ್ನು ಊಟದ ಹೊತ್ತಿಗೆ ಇನ್ನೊಬ್ಬರಿಗೆ ಹೇಳಿ ನಗುವುದನ್ನೂ ಬಿಡಿ. ಕೇಳುತ್ತಾ ನಗುತ್ತಿರುವ ಹೊಸಬಳು, ನಾಳೆ ನನ್ನ ಬಗ್ಗೆಯೂ ಹೀಗೇ ಅಲ್ವಾ ಅಂತ ಮನಸ್ಸಿನಲ್ಲಿ ಲೆಕ್ಕ ಹಾಕಿರುತ್ತಾಳೆ.

ಹೆಜ್ಜೆ 6: ಅವಸರದ ದಿನಗಳಿಗೆ ಮೊದಲೇ ತಯಾರಾಗಿ

ಸಾಧಾರಣ ದಿನ ಎಲ್ಲರೂ ಶಿಸ್ತಾಗಿಯೇ ಇರುತ್ತೇವೆ. ದಸರಾ, ದೀಪಾವಳಿ, ರಂಜಾನ್ ಮುಂಚಿನ ಆರ್ಡರ್‌ಗಳು ಬಂದಾಗ, ಹೊರಗೆ ಗಾಡಿ ಕಾಯುತ್ತಿರುವಾಗ, ಮಾಲೀಕರು ಎರಡು ಸಲ ಬಂದು ನೋಡಿ ಹೋದಾಗ ನಾವು ಏನು ಮಾಡುತ್ತೇವೆ? ಹೊಸಬರ ಕಣ್ಣು ಆಗ ನಮ್ಮ ಮೇಲೇ ಇರುತ್ತದೆ. ಯಾವ ನಿಯಮ ನಿಜವಾದದ್ದು, ಯಾವುದು ಬರೀ ಬಾಯಿಮಾತಿನದ್ದು ಅಂತ ಅವರು ತೀರ್ಮಾನ ಮಾಡುವುದು ಆ ಒಂದು ವಾರದಲ್ಲೇ.

ಅದಕ್ಕೆ ಏನೇ ಅವಸರ ಇರಲಿ ಬಿಡದ ಎರಡು ವಿಷಯಗಳನ್ನು ಮೊದಲೇ ಆರಿಸಿಕೊಳ್ಳಿ. ಎರಡೇ ಸಾಕು, ಜಾಸ್ತಿ ಇಟ್ಟುಕೊಂಡರೆ ಉಳಿಯುವುದಿಲ್ಲ. ನನ್ನವು ಇವು: ಗಾರ್ಡ್ ಇಲ್ಲದೆ ಮಷಿನ್ ಓಡಿಸುವುದಿಲ್ಲ. ಸೂಜಿಯ ಚೂರು ಸಿಗದೆ ಮುಂದಿನ ಪೀಸ್ ಹಿಡಿಯುವುದಿಲ್ಲ. ನಾನು ಕಂಡ ಒಬ್ಬ ಕಟಿಂಗ್ ಮಾಸ್ಟರ್ ಎರಡೇ ಪದರ ಕತ್ತರಿಸುವುದಿದ್ದರೂ ಎಡಗೈಗೆ ಉಕ್ಕಿನ ಬಲೆಯ ಗ್ಲೌಸ್ ಹಾಕದೆ ಕಟಿಂಗ್ ಮಷಿನ್ ಮುಟ್ಟುತ್ತಿರಲಿಲ್ಲ. ಅರ್ಧ ನಿಮಿಷದ ಕೆಲಸಕ್ಕೆ ಗ್ಲೌಸ್ ಹಾಕಲು ಅರ್ಧ ನಿಮಿಷ ಹೋಗುತ್ತಿತ್ತು. ಅವರು ಯಾರಿಗೂ ಒಂದು ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಕೈಕೆಳಗೆ ಕಲಿತ ಹುಡುಗರು ಯಾವ ಯೂನಿಟ್‌ಗೆ ಹೋದರೂ ಗ್ಲೌಸ್ ಕೇಳಿ ಪಡೆಯುತ್ತಾರೆ.

ಬೇಸಿಗೆಯ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ಬಂದರೆ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲೆ ತಗಡಿನ ಶೀಟ್ ಇದ್ದರೆ ಒಳಗೆ ಇನ್ನೂ ಕಷ್ಟ. ಹೊಸ ಹುಡುಗಿಯರು ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲದೆ ಅಲ್ಲ, ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕು, ಎದ್ದರೆ ಯಾರಾದರೂ ಏನಾದರೂ ಅಂದುಕೊಂಡಾರು ಅಂತ. ತಲೆ ತಿರುಗಿ ಬೀಳುವವರೆಗೂ ಬಾಯಿ ಬಿಡುವುದಿಲ್ಲ. ಇದಕ್ಕೆ ಭಾಷಣ ಉಪಯೋಗಕ್ಕೆ ಬರಲ್ಲ. ನೀವು ಎಲ್ಲರಿಗೂ ಕಾಣುವ ಹಾಗೆ ಬಾಟಲಿ ಎತ್ತಿ ಕುಡಿಯಿರಿ. "ಬಾರವ್ವಾ, ಹೋಗಿ ಬರೋಣ" ಅಂತ ಕರೆದುಕೊಂಡು ಹೋಗಿ ಬನ್ನಿ. ಹಿರಿಯಳು ಎದ್ದರೆ ಉಳಿದವರಿಗೂ ಏಳುವ ಧೈರ್ಯ ಬರುತ್ತದೆ.

ಹೆಜ್ಜೆ 7: ಮರ್ಯಾದೆಯ ವಿಷಯದಲ್ಲಿ ಸುಮ್ಮನಿರಬೇಡಿ

ಯಾರಾದರೂ ಹೊಸ ಹುಡುಗಿಯ ಜೊತೆ ಕೆಟ್ಟ ಮಾತಾಡಿದರೆ, ಮೈ ಮುಟ್ಟಿದರೆ, ನೀವು ನೋಡಿಯೂ ತಲೆ ತಗ್ಗಿಸಿ ಹೊಲಿಯುತ್ತಾ ಕೂತರೆ, ಇಲ್ಲಿ ಇದೆಲ್ಲ ನಡೆಯುತ್ತದೆ ಅಂತ ನೀವೇ ಅವಳಿಗೆ ಹೇಳಿಕೊಟ್ಟ ಹಾಗಾಯಿತು. ಅಲ್ಲೇ, ಆಗಲೇ "ಹಂಗೆಲ್ಲ ಮಾತಾಡಬ್ಯಾಡ್ರಿ" ಅನ್ನಿ.

2013ರ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಯೂನಿಟ್‌ನವರು, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ಆದ 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಅವಳಿಗೆ ಬರೆಯಲು ಬಾರದಿದ್ದರೆ ಬರೆಯಲು ಸಹಾಯ ಮಾಡುವುದು ಸಮಿತಿಯ ಕೆಲಸ. ಅವಳ ಜೊತೆ ಹೋಗುವುದು ನಿಮ್ಮ ಕೆಲಸ.

ಹೆಜ್ಜೆ 8: ದುಡ್ಡಿನ ಲೆಕ್ಕ ಇಡುವುದನ್ನು ಕಲಿಸಿ

ದಿನಾ ಎಷ್ಟು ಪೀಸ್ ಆಯಿತು ಅಂತ ಒಂದು ಸಣ್ಣ ಡೈರಿಯಲ್ಲಿ ನಾನು ಬರೆಯುತ್ತೇನೆ, ಹೊಸಬರ ಎದುರಿಗೇ. ಅವರೂ ಶುರು ಮಾಡುತ್ತಾರೆ. ವಾರದ ಕೊನೆಗೆ ಲೆಕ್ಕದಲ್ಲಿ ಜಗಳ ಇರಲ್ಲ. ಸಂಬಳದಲ್ಲಿ ಇಎಸ್‌ಐಗೆ (ಕೆಲಸಗಾರರ ವಿಮೆ) ಅಂತ 0.75 ಶೇಕಡಾ ಹಿಡಿದರೆ ಆ ಕಾರ್ಡ್‌ನಿಂದ ಏನು ಸಿಗುತ್ತದೆ, ಪಿಎಫ್‌ನ (ಭವಿಷ್ಯ ನಿಧಿ) 12 ಅಂಕಿಯ ಖಾತೆ ಗುರುತಿನ ಯುಎಎನ್ ನಂಬರ್ ಬೇರೆ ಯೂನಿಟ್‌ಗೆ ಹೋದರೂ ಅದೇ ಇರುತ್ತದೆ ಅನ್ನುವುದನ್ನು ನಿಮ್ಮ ಕಾರ್ಡ್ ತೋರಿಸಿಯೇ ಹೇಳಿ. ಸೂಜಿ ಚುಚ್ಚಿದ ದಿನ ಇಎಸ್‌ಐ ಬಗ್ಗೆ ಹೇಳಿದರೆ ಏನು ಪ್ರಯೋಜನ?

ಹೆಜ್ಜೆ 9: ಹಿಂದೆ ಸರಿಯಿರಿ, ಅವಳಿಗೇ ಕಲಿಸಲು ಬಿಡಿ

ಎರಡು ಮೂರು ತಿಂಗಳಲ್ಲಿ ಕೈ ಕುದುರುತ್ತದೆ. ಆಮೇಲೂ ಪಕ್ಕದಲ್ಲೇ ನಿಂತು ನೋಡುತ್ತಿದ್ದರೆ ಅವಳ ಕೈ ನಡುಗುತ್ತದೆ. ಮುಂದಿನ ಹೊಸಬರು ಬಂದಾಗ ಒಂದು ಕೆಲಸವನ್ನು ಅವಳೇ ತೋರಿಸಲಿ. ದೊಡ್ಡದು ಬೇಡ. ಬಾಬಿನ್ ತುಂಬುವುದು, ದಾರ ಹಾಕುವುದು, ಲೂಪಿ (ಬೆಲ್ಟ್ ಹಾಕುವ ಪಟ್ಟಿ) ಮಡಿಸುವುದು ಸಾಕು. ನೀವು ನಿಮ್ಮ ಮಷಿನ್‌ಗೆ ಹೋಗಿ ಕೂತುಬಿಡಿ. ಮಧ್ಯೆ ಬಾಯಿ ಹಾಕಬೇಡಿ. ಕಿವಿ ಮಾತ್ರ ಆ ಕಡೆ ಇರಲಿ.

ನೀವು ಹೇಳಿಕೊಟ್ಟ ಮಾತುಗಳು ಅವಳ ಬಾಯಲ್ಲಿ ಬರುತ್ತವೆ. ಜೊತೆಗೆ ನೀವು ಯಾವತ್ತೂ ಹೇಳಿಕೊಡದ ಕೆಲವು ಅವಳ ಕೈಯಲ್ಲಿ ಕಾಣುತ್ತವೆ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಅವನ್ನು ಬರೆದುಕೊಳ್ಳಿ. ಕೆಟ್ಟದ್ದು ಕಂಡರೆ ಅವಳನ್ನು ತಿದ್ದುವ ಮೊದಲು ಮೊದಲ ಹೆಜ್ಜೆಯ ಚೀಟಿ ಮತ್ತೆ ತೆಗೆಯಿರಿ, ಅದರಲ್ಲಿ ಸೇರಿಸಿ.

ಬೆರಳಿಗೆ ಸೂಜಿ ಚುಚ್ಚಿಕೊಂಡ ಆ ಹುಡುಗಿ ಗಾಯ ಮಾಗಿದ ಮೇಲೆ ವಾಪಸ್ ಬಂದಳು. ಅವಳು ಬರುವಷ್ಟರಲ್ಲಿ ನಾನು ಡಬ್ಬಿಯಿಂದ ಐದೂ ಗಾರ್ಡ್ ತೆಗೆದು, ಮೊದಲು ನನ್ನ ಮಷಿನ್‌ಗೆ, ಆಮೇಲೆ ಅವರ ಮಷಿನ್‌ಗಳಿಗೆ ಹಾಕಿದ್ದೆ. ಅವಳು ಬಂದು ಕೂರುವ ಮೊದಲು ಬಗ್ಗಿ ನನ್ನ ಮಷಿನ್ ನೋಡಿದಳು. ಆಮೇಲೆ ತನ್ನದಕ್ಕೆ ದಾರ ಹಾಕತೊಡಗಿದಳು. ಮೋಟಾರ್ ಆಫ್ ಇತ್ತು.